ಗೋಡೆಗೆ ಅಂಟಿದ್ದ ಮೇಜು

ಬೆನ್ನಿನ ಡಾಕ್ಟ್ರಮ್ಮನನ್ನು ಮೊದಲು ಕಂಡ ದಿನ ಡ್ರಿಲ್ ಮೇಷ್ಟ್ರು ನೆಟ್ಟಗೆ ನಿಂತು ನಮಸ್ಕಾರ ಹೇಳುವ ಸ್ಥಿತಿಯಲ್ಲಿರಲಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ "ಎದೆ ಮುಂದೆ!" ಎಂದು ಗದರಿದವರು, ಕೊಕ್ಕೆಯಂತೆ ಬಾಗಿ, ಮೆಟ್ಟಿಲ ಕಂಬಿ ಹಿಡಿದು ಮೇಲೆ ಬಂದಿದ್ದರು. ಹೊರಗಿನ ಫಲಕದಲ್ಲಿ 'ಕೈರೋಪ್ರ್ಯಾಕ್ಟಿಕ್' ಎಂದಿತ್ತು. ಅದನ್ನು ಹೇಳಲು ನಾಲಿಗೆ ಹೊರಳದೆ ಬೀದಿಯವರೆಲ್ಲ ಆಕೆಯನ್ನು ಬೆನ್ನಿನ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು.

"ಹೈಜಂಪ್ ತೋರಿಸೋಕೆ ಹೋದ್ರು," ಎಂದರು ಮೇಷ್ಟ್ರ ಹೆಂಡತಿ. "ಹಾರಿದ್ದೇನೋ ಹಾರಿದ್ರು, ಇಳಿಯೋದು ಹೇಗೆ ಅಂತ ಮರೆತೇಹೋಯ್ತು."

"ನೀನೊಂಚೂರು ಸುಮ್ನಿರೇ."

ಇನ್ನು ಆರು ವಾರಕ್ಕೆ ಶಾಲೆಯ ಕ್ರೀಡಾಕೂಟವಿತ್ತು. ವೇದಿಕೆಯ ಮೇಲೆ ನಿಂತು ನಾನೂರು ಮಕ್ಕಳಿಗೆ ಕವಾಯತು ಮಾಡಿಸುವುದು, ನಿವೃತ್ತಿಯ ಅಂಚಿನಲ್ಲಿದ್ದ ಮೇಷ್ಟ್ರಿಗೆ ಅದೇ ಕೊನೆಯ ಸಲ. ಆಗದಿದ್ದರೆ ಎಣಿಕೆಯ ರೆಕಾರ್ಡು ಹಾಕೋಣ ಬಿಡಿ ಎಂದಿದ್ದರು ಹೆಡ್‌ಮೇಷ್ಟ್ರು. ಆ ಮಾತು ಸೊಂಟಕ್ಕಿಂತ ಹೆಚ್ಚು ನೋಯುತ್ತಿತ್ತು.

ಹೊಲಿಗೆ ಅಂಗಡಿಯ ಮೇಲಿನ ಇಕ್ಕಟ್ಟಾದ ಕೋಣೆ. ರೋಗಿಗಳು ಮಲಗಲು ಗೋಡೆಗೆ ಒತ್ತಿ ಹಾಕಿದ ಒಂದು ಮೇಜು, ಒಂದು ಕಪಾಟು, ಕಾಯುವವರಿಗೊಂದು ಬೆಂಚು, ಗೂಟಕ್ಕೆ ತೂಗುಹಾಕಿದ ಪ್ಲಾಸ್ಟಿಕ್ ಬೆನ್ನುಮೂಳೆ. ಡಾಕ್ಟ್ರಮ್ಮ ಒಮ್ಮೆ 'ಲಟಕ್' ಅನ್ನಿಸಿದರೆ ಸಾಕು, ನೋವು ಕಾಲಿಗೆ ಬುದ್ಧಿ ಹೇಳುತ್ತದೆ ಎಂದು ಮೇಷ್ಟ್ರು ಕೇಳಿದ್ದರು. ಆಕೆ ಮಾತ್ರ ಮಂಡಿಗೆ ಪುಟ್ಟ ಸುತ್ತಿಗೆ ತಟ್ಟಿದರು, ಹಿಮ್ಮಡಿಯ ಮೇಲೆ ನಡೆಸಿದರು, ಕಾಲು ಜೋಮು ಹಿಡಿಯುತ್ತದೆಯೇ ಎಂದು ಎರಡೆರಡು ಸಲ ಕೇಳಿದರು.

"ಜೋಮು ಇದ್ದಿದ್ರೆ ನಾನು ಕೈ ಹಾಕ್ತಿರಲಿಲ್ಲ ಸರ್, ಮೊದಲು ಆಸ್ಪತ್ರೆಗೆ ಕಳಿಸ್ತಿದ್ದೆ."

ಬಳಿಕ ಅವರನ್ನು ಮಗ್ಗುಲಾಗಿ ಮಲಗಿಸಿ, ಮಂಡಿ ಮಡಚಿಸಿ, ತಮ್ಮ ಮೈಭಾರ ಬಿಟ್ಟು ಸೊಂಟವನ್ನು ಚುರುಕಾಗಿ ಒಮ್ಮೆ ಒತ್ತಿದರು. ಸದ್ದೇ ಬರಲಿಲ್ಲ.

"ಇಡೀ ಬೀದಿಗೆ ಲಟಕ್ ಅನ್ನಿಸಿದ್ದೀರಿ, ನನಗೆ ಮಾತ್ರ ಇಲ್ವೇನ್ರೀ?"

"ಕೀಲಿನೊಳಗೆ ಗಾಳಿಗುಳ್ಳೆ ಆದ್ರೆ ಸದ್ದು ಬರತ್ತೆ, ಇಲ್ದಿದ್ರೆ ಇಲ್ಲ. ಕೀಲು ಆಡ್ತಾ ಇದೆಯಾ, ಅಷ್ಟು ಸಾಕು. ಇದೇನು ನಿಮ್ಮ ಸೀಟಿಯಾ, ಊದಿದ ಕೂಡಲೇ ಕೂಗೋಕೆ?"

ಎರಡು ವಾರದಲ್ಲಿ ನೋವು ಅರ್ಧಕ್ಕರ್ಧ ಇಳಿಯಿತು. ಆದರೆ ಡ್ರಿಲ್ ತರಗತಿ ಮುಗಿದ ಸಂಜೆ ಮತ್ತೆ ಹಾಜರಾಗುತ್ತಿತ್ತು.

"ಆ ಡ್ರಿಲ್ ಇಲ್ಲೇ ಒಂದ್ಸಲ ಮಾಡಿ, ನೋಡೋಣ," ಎಂದರು ಡಾಕ್ಟ್ರಮ್ಮ.

ಮೇಷ್ಟ್ರು ಸೊಂಟಕ್ಕೆ ಕೈಯಿಟ್ಟು ಎಡಕ್ಕೆ ಬಾಗಿದರು, ಎದ್ದರು, ಮತ್ತೆ ಎಡಕ್ಕೆ ಬಾಗಿದರು. ಎಂಟು ಎಣಿಸಿ ಮುಗಿದದ್ದೇ ಬಾಗಿಲ ಕಡೆ ನಡೆದರು.

"ಎಲ್ಲಿಗೆ ಹೊರಟ್ರಿ?"

"ಸಾಲು ನೋಡೋಕೆ..." ಎಂದವರು ಅಲ್ಲೇ ನಿಂತುಬಿಟ್ಟರು. ಮಕ್ಕಳಿಗೆ ಎದುರಾಗಿ ನಿಂತವರು ಎಡಕ್ಕೆ ಬಾಗಿದರೆ ಮಕ್ಕಳು ಬಲಕ್ಕೆ ಬಾಗುತ್ತಾರೆ. ಇನ್ನೊಂದು ಪಕ್ಕಕ್ಕೆ ಅವರು ಎಣಿಕೆ ಕೇಳಿಯೇ ಬಾಗುತ್ತಿದ್ದರು, ತೋರಿಸುವ ಅಗತ್ಯವಿರಲಿಲ್ಲ. ಬಾಯಲ್ಲಿ ಎಣಿಸುತ್ತ ಸಾಲುಗಳ ನಡುವೆ ತಿದ್ದುತ್ತ ಓಡಾಡುತ್ತಿದ್ದರು. ಈಗ ಬಲಕ್ಕೆ ಬಾಗಲು ಹೋದರೆ ಗೇಣು ಇಳಿಯುವಷ್ಟರಲ್ಲಿ ಮೈ ಬಿಗಿಯಿತು.

"ಮಕ್ಕಳಿಗೆ ಪೂರ್ತಿ ಪಾಠ, ನಿಮಗೆ ಅರ್ಧ," ಎಂದು ಡಾಕ್ಟ್ರಮ್ಮ ನಕ್ಕರು. "ಹೈಜಂಪ್ ಒಂದು ನೆಪ ಅಷ್ಟೇ ಅನ್ನಿಸತ್ತೆ."

ಅಂದಿನಿಂದ ಮನೆಯಲ್ಲಿ ಹೆಂಡತಿಯೇ ಡ್ರಿಲ್ ಟೀಚರ್. "ಬಲಕ್ಕೆ! ಇನ್ನೂ ಬಾಗಿ! ಏನ್ರೀ ಮೈಗಳ್ಳತನ!" ಎಂದು ಸೀಟಿ ಊದಿ ಮೂವತ್ತೆರಡು ವರ್ಷದ ಸೇಡು ತೀರಿಸಿಕೊಂಡರು. ವಾರಕ್ಕೆ ಎರಡು ಸಲ ಡಾಕ್ಟ್ರಮ್ಮನ ಕೈಯೂ ನಡೆಯುತ್ತಿತ್ತು.

ಕ್ರೀಡಾಕೂಟದ ದಿನ ಮೇಷ್ಟ್ರು ವೇದಿಕೆಯ ಮೇಲೆ ಎಡಕ್ಕೆ ಬಾಗಿದರು, ಬಲಕ್ಕೂ ಬಾಗಿದರು. ಏಳನೆಯ ಸಾಲು ಸೊಟ್ಟಗಿದ್ದುದು ಕಣ್ಣಿಗೆ ಬಿತ್ತು, ಕೈ ಸೀಟಿಯವರೆಗೆ ಹೋಯಿತು. ಆದರೆ ವೇದಿಕೆಯಿಂದ ಇಳಿಯಲಿಲ್ಲ. ಎಣಿಕೆ ಮುಗಿಯುವವರೆಗೆ ಮಕ್ಕಳ ಜೊತೆಗೇ ಬಾಗಿದರು.

ಮರುದಿನ ಕೃತಜ್ಞತೆ ಹೇಳಲು ಹೋದಾಗ ಡಾಕ್ಟ್ರಮ್ಮ ಒಬ್ಬ ಬಸ್ ಡ್ರೈವರನ ಭುಜ ನೋಡುತ್ತಿದ್ದರು. ಮೇಷ್ಟ್ರು ಬೆಂಚಿನ ಮೇಲೆ ಕುಳಿತು ನೋಡಿಯೇ ನೋಡಿದರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಡಾಕ್ಟ್ರಮ್ಮ. ಮೇಜಿನ ಆ ಕಡೆ ಯಾವಾಗ ನಿಲ್ತೀರಿ?"

"ಆ ಕಡೆ ಗೋಡೆ ಇದೆಯಲ್ಲ ಸರ್. ರೋಗಿಗಳನ್ನೇ ತಿರುಗಿಸಿ ಮಲಗಿಸ್ತೀನಿ."

"ಎಷ್ಟು ವರ್ಷದಿಂದ?"

"ಹದಿನೇಳು," ಎಂದರು ಡಾಕ್ಟ್ರಮ್ಮ. ಅವರ ಕೈ ತಮ್ಮದೇ ಬಲಸೊಂಟವನ್ನು ಒತ್ತುತ್ತಿತ್ತು.

ಈಗ ಆ ಮೇಜು ಕೋಣೆಯ ನಡುವಿಗೆ ಬಂದಿದೆ. ಕಪಾಟು ಮೆಟ್ಟಿಲ ಬಳಿಗೆ ಹೋಗಿದೆ, ಬೆಂಚಿನಲ್ಲಿ ಇಬ್ಬರಿಗಷ್ಟೇ ಜಾಗ. ಡಾಕ್ಟ್ರಮ್ಮ ಒಬ್ಬ ರೋಗಿಗೆ ಈ ಪಕ್ಕ, ಮುಂದಿನವರಿಗೆ ಆ ಪಕ್ಕ ನಿಲ್ಲುತ್ತಾರೆ. ಮರೆತು ಹಳೆಯ ಪಕ್ಕಕ್ಕೇ ಹೋದರೆ, ಬುಧವಾರಗಳಂದು ಬೆಂಚಿನಲ್ಲಿ ಕುಳಿತಿರುವ ನಿವೃತ್ತ ಮೇಷ್ಟ್ರು ಮೆಲ್ಲಗೆ ಕೆಮ್ಮುತ್ತಾರೆ.