ಬೆರಿಲ್ ಹಾಕದೆ ಬಿಟ್ಟ ಸ್ವಿಚ್ಚು

ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಬೀದಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಪಕ್ಕದ ಮನೆಯ ಕ್ಲಿಫ್ ಹೆಂಡತಿಗೆ ಹೊಡೆದರೆ ನನ್ನ ಅಡುಗೆಮನೆಯ ಕಪ್ಪುಗಳು ಅಲುಗುತ್ತಿದ್ದವು. ನಾನು ಲಟ್ಟಣಿಗೆಯಿಂದ ಗೋಡೆ ಕುಟ್ಟಿದರೆ ಸ್ವಲ್ಪ ಹೊತ್ತು ಸದ್ದಡಗುತ್ತಿತ್ತು, ಅಷ್ಟೇ. ಪೊಲೀಸರನ್ನು ಕರೆಸಿದರೆ ಗಂಡ ಹೆಂಡಿರ ಜಗಳ ಎಂದು ಟೀ ಕುಡಿದು ಹೋಗುತ್ತಿದ್ದರು. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನ ಹೆಂಡತಿ ಬೆರಿಲ್, ಕಾರು ಕಾರ್ಖಾನೆಯಲ್ಲಿ ವೈರು ಹೆಣೆಯುವ ಹೆಂಗಸರಲ್ಲಿ ಒಬ್ಬಳು. ಹುಡುಗಿಯಾಗಿದ್ದಾಗ ಬೀದಿಗೇ ಕೇಳುವ ಹಾಗೆ ನಗುತ್ತಿದ್ದವಳು. ಮುಂದಿನ ಎರಡು ಹಲ್ಲು ಕ್ಲಿಫ್ ಮುರಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು.

ಕ್ಲಿಫ್‌ಗೆ ಪ್ರಾಣವೆಂದರೆ ಹಿತ್ತಿಲ ಓಣಿಯ ಗ್ಯಾರೇಜಿನಲ್ಲಿದ್ದ ಹಳೆಯ ಕೆಂಪು ಎಂಜಿ, ಎರಡೇ ಸೀಟಿನ ಕಾರು. ಆ ಚಳಿಗಾಲ ಅದಕ್ಕೆ ಓವರ್‌ಡ್ರೈವ್ ಕೂರಿಸುವ ಹುಚ್ಚು ಹತ್ತಿತು. ಅದು ಗೇರುಪೆಟ್ಟಿಗೆಯ ಬೆನ್ನಿಗೆ ಕೂರುವ ಇನ್ನೊಂದು ಪೆಟ್ಟಿಗೆ. ಡ್ಯಾಶ್‌ಬೋರ್ಡಿನ ಗುಂಡಿ ಒತ್ತಿದರೆ ಕಾರಿನ ವೇಗ ಅಷ್ಟೇ ಇರುತ್ತದೆ, ಎಂಜಿನ್ನು ಮಾತ್ರ ನಿಧಾನವಾಗಿ ತಿರುಗುತ್ತದೆ. ಕೂರಿಸಬೇಕಾದರೆ ಎಂಜಿನ್ನು, ಗೇರುಪೆಟ್ಟಿಗೆ ಎರಡನ್ನೂ ಒಟ್ಟಿಗೆ ಎತ್ತಿ ಹೊರಗೆ ತೆಗೆಯಬೇಕು. ಬೆರಿಲ್ ಎಂಜಿನ್ನು ಎತ್ತುವ ಸರಪಳಿ ಎಳೆದಳು, ಲ್ಯಾಂಪು ಹಿಡಿದಳು. ಲ್ಯಾಂಪು ಅಲುಗಿದರೆ ಕಾರಿನ ಅಡಿಯಿಂದ ಸ್ಪ್ಯಾನರು ಹಾರಿ ಬಂದು ಅವಳ ಮೊಣಕಾಲಿಗೆ ಬಡಿಯುತ್ತಿತ್ತು.

ವೈರಿಂಗೂ ಅವಳ ಪಾಲಿಗೇ ಬಂತು. ಗೇರುಪೆಟ್ಟಿಗೆಯ ಮೇಲೆ ಒಂದು ಸಣ್ಣ ಸ್ವಿಚ್ಚು ಹಾಕಬೇಕು. ಮೇಲಿನ ಎರಡು ಗೇರು ಬಿಟ್ಟು ಬೇರೆಯವುಗಳಲ್ಲಿ ಓವರ್‌ಡ್ರೈವಿಗೆ ಕರೆಂಟು ಹೋಗದಂತೆ ತಡೆಯುವುದು ಅದರ ಕೆಲಸ. ಪಬ್ಬಿನ ಕಾರುಹುಚ್ಚರಿಗೆ ಆ ಸ್ವಿಚ್ಚು ಬಿಟ್ಟು ನೇರ ವೈರು ಎಳೆಯುವುದೇ ಗಂಡಸುತನ, ಎಲ್ಲ ಗೇರಿನಲ್ಲೂ ಓವರ್‌ಡ್ರೈವ್ ಸಿಗುತ್ತದಲ್ಲ. ಕ್ಲಿಫ್ ಕೂಡ ಹಾಗೇ ಎಳೆ ಎಂದ. ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ ನನಗೆ ಎಲ್ಲ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು.

"ಬೇಡ ಕ್ಲಿಫ್," ಎಂದಳು ಬೆರಿಲ್. "ಅದು ಆನ್ ಇದ್ದಾಗ ರಿವರ್ಸ್ ಹಾಕಿದ್ರೆ ಒಳಗೆಲ್ಲ ಕಚ್ಕೊಂಡು ಪುಡಿಯಾಗತ್ತೆ."

"ನಂಗೇ ಹೇಳ್ಕೊಡ್ತೀಯೇನೇ?"

ಕೂದಲು ಹಿಡಿದು ಅವಳ ಮುಖವನ್ನು ಮಡ್ಗಾರ್ಡಿಗೆ ಚಚ್ಚಿದ. ಬಣ್ಣಕ್ಕೆ ರಕ್ತ ತಾಗಿತೆಂದು ಇನ್ನೊಂದು ಏಟು ಹಾಕಿದ. ನಾನು ಓಡಿ ಹೋಗುವಷ್ಟರಲ್ಲಿ ಬಾಗಿಲು ಹಾಕಿಕೊಂಡಿದ್ದ. ಬೆರಿಲ್ ಅವನು ಹೇಳಿದಂತೆ ನೇರ ವೈರು ಎಳೆದು, ಸ್ವಿಚ್ಚನ್ನು ಕೋಟಿನ ಜೇಬಿಗೆ ಹಾಕಿಕೊಂಡಳಂತೆ.

ಸಂಜೆ ಮೂಗಿಗೆ ಹತ್ತಿ ತುರುಕಿಕೊಂಡು ನಮ್ಮನೆಗೆ ಬಂದಳು. ಕಾರು ಓಡಿಸಲು ಅವನು ಹೊರಟ ದಿನವೇ ಲೆಸ್ಟರ್ ಊರಿನಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿಬಿಡುತ್ತೇನೆ ಎಂದಳು. ಬಿಟ್ಟು ಹೋದರೆ ಕೊಲ್ಲುತ್ತೇನೆ ಎಂದು ಅವನು ಹಿಂದೆಯೇ ಹೇಳಿದ್ದ. ಹೇಳಿದ್ದನ್ನು ಮಾಡುವವನೇ ಅವನು.

ಭಾನುವಾರ ಕಾರು ತೆಗೆದುಕೊಂಡು ಹೋದವನು ಬೇಗನೆ ತಿರುಗಿ ಬಂದ. ಓಣಿಯಲ್ಲಿ ತನ್ನ ಮನೆಯ ಹಿತ್ತಿಲ ಬಾಗಿಲು ದಾಟಿ ಮುಂದೆ ಹೋಗಿ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಅದೇ ಹೊತ್ತಿಗೆ ಬೆರಿಲ್ ಸೂಟ್‌ಕೇಸು ಹಿಡಿದು ಅವನ ಹಿಂದೆ ಓಣಿಗಿಳಿದಳು. ಕನ್ನಡಿಯಲ್ಲಿ ನೋಡಿದ. ಓಣಿ ಕಿರಿದು, ಎರಡೂ ಕಡೆ ಇಟ್ಟಿಗೆ ಗೋಡೆ, ಸರಿಯಲು ಜಾಗವಿಲ್ಲ. ರಿವರ್ಸ್ ಹಾಕಿ ಎಂಜಿನ್ನು ಅರಚುವಂತೆ ತುಳಿದ.

ಕಾರು ಅವಳ ಮೇಲೆ ನುಗ್ಗಿ ಬಂತು. ಅಡಿಯಲ್ಲಿ ಬಂಡೆ ಸಿಡಿದಂಥ ಸದ್ದಾಯಿತು. ಹಿಂದಿನ ಚಕ್ರಗಳು ಕಚ್ಚಿಕೊಂಡು, ಕಾರು ಜಾರುತ್ತಾ ಬಂದು ಅವಳ ಸೂಟ್‌ಕೇಸಿಗೆ ತಾಗಿ ನಿಂತಿತು. ಓವರ್‌ಡ್ರೈವ್ ಗುಂಡಿಯನ್ನು ಅವನು ಆಫ್ ಮಾಡಿರಲಿಲ್ಲ.

ಜ್ಯಾಕಿನ ರಾಡು ಹಿಡಿದು ಇಳಿದ. ನಾನು ನಮ್ಮ ಹಿತ್ತಿಲಿನಿಂದ ಓಡಿ ಬಂದು ಕಲ್ಲಿದ್ದಲಿನ ಸಲಿಕೆಯನ್ನು ಎರಡೂ ಕೈಯಿಂದ ಎತ್ತಿ ಅವನ ಮಣಿಕಟ್ಟಿನ ಮೇಲೆ ಹೊಡೆದೆ. ಮೂಳೆ ಮುರಿದದ್ದು ಕೇಳಿಸಿತು. ನನಗೆ ತುಂಬಾ ಸಂತೋಷವಾಯಿತು. ಅವನು ಕೈ ಹಿಡಿದುಕೊಂಡು ನೆಲದ ಮೇಲೆ ಕೂತು ಊಳಿಟ್ಟ.

ಬೆರಿಲ್ ಜೇಬಿನಿಂದ ಸ್ವಿಚ್ಚು ತೆಗೆದು ಅವನ ಮಡಿಲಿಗೆ ಎಸೆದಳು.

"ಅವತ್ತು ನನ್ ಮಾತು ಕೇಳಿ ಇದನ್ನ ಹಾಕಿಸ್ಕೊಂಡಿದ್ರೆ, ಈಗ ನಾನು ಸತ್ತಿರ್ತಿದ್ದೆ ಕಣೋ."

ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಳು. ಸೂಟ್‌ಕೇಸು ಎತ್ತಿಕೊಂಡು ಬಸ್ಸಿಗೆ ಹೋದಳು.