ಹಲೋ ಅಜ್ಜಿಯ ಕತ್ತಲೆ ಫೋನು

ಕೆಳಗಿನ ಮನೆಯ ಅಜ್ಜಿಯನ್ನು ನಮ್ಮ ಬೀದಿಯಲ್ಲಿ ಎಲ್ಲರೂ ‘ಹಲೋ ಅಜ್ಜಿ’ ಎಂದೇ ಕರೆಯುತ್ತಾರೆ. ಬಾಗಿಲು ತಟ್ಟಿದರೂ, ತರಕಾರಿಯವನು ಕೂಗಿದರೂ ಅವರು ಮೊದಲು ‘ಹಲೋ’ ಎನ್ನುತ್ತಾರೆ, ಆಮೇಲೆ ಸುಮ್ಮನಾಗಿ ಕೇಳಿಸಿಕೊಳ್ಳುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರ ಬಾಯಿಂದ ಆ ಮಾತು ಇನ್ನೂ ಹೋಗಿಲ್ಲ. ಈಗ ಅವರಿಗೆ ಎಪ್ಪತ್ತೊಂದು.

ಆ ದಿನಗಳನ್ನು ಅವರು ಹೇಳುವಾಗ ಕೇಳುತ್ತಾ ಕೂತರೆ ನಿದ್ದೆಯಲ್ಲಿ ನಡೆದ ಹಾಗೆ ಆಗುತ್ತದೆ. ಉದ್ದನೆಯ ಕೋಣೆ. ಗೋಡೆಯಷ್ಟೇ ಅಗಲದ ಬೋರ್ಡು, ಅದರ ತುಂಬ ತೂತುಗಳು. ಎಲ್ಲೋ ಯಾರೋ ಫೋನ್ ಎತ್ತಿದರೆ ಇಲ್ಲಿ ಬಟಾಣಿ ಗಾತ್ರದ ದೀಪ ಹೊತ್ತಿಕೊಳ್ಳುತ್ತಿತ್ತು. ಆ ದೀಪದ ತೂತಿಗೆ ವೈರು ಸಿಕ್ಕಿಸಿದರೆ ಕಿವಿಯೊಳಗೆ ಒಂದು ಮನೆ ತೆರೆದುಕೊಳ್ಳುತ್ತಿತ್ತು. ಮಾತಿನ ಹಿಂದೆ ತಿರುಗುವ ಫ್ಯಾನು, ಯಾರೋ ಎಳೆದ ಕುರ್ಚಿ, ತೊಟ್ಟಿಕ್ಕುವ ನಲ್ಲಿ. ಕಿವಿಯಲ್ಲಿರುವ ದನಿ, ಪಕ್ಕದ ಆಪರೇಟರ ದನಿ, ಹಿಂದೆ ಓಡಾಡುವ ಸೂಪರ್‌ವೈಸರಮ್ಮನ ದನಿ, ಮೂರನ್ನೂ ಒಂದಕ್ಕೊಂದು ಸಿಕ್ಕಾಗದಂತೆ ಹಿಡಿಯಬೇಕಿತ್ತು. ಅಂಥ ಸಾವಿರಾರು ಮನೆಗಳ ಒಳಗೆ ಹೋಗಿ ಬಂದಿದ್ದೇನೆ, ಒಂದು ಮನೆಯಲ್ಲೂ ಕೂರು ಎನ್ನಲಿಲ್ಲ ಎಂದು ಅಜ್ಜಿ ನಗುತ್ತಾರೆ.

ಐದು ವರ್ಷದ ಹಿಂದೆ ಅವರ ಕಣ್ಣಿನ ನಡುಭಾಗ ಮಸುಕಾಯಿತು. ಎದುರಿಗೆ ನಿಂತವರ ಕೂದಲು, ಕಿವಿ, ಭುಜ ಕಾಣುತ್ತವೆ. ಮುಖವಿರುವ ಜಾಗದಲ್ಲಿ ಮಾತ್ರ ಬಿಸಿನೀರಿನ ಹಬೆಯಂಥದ್ದು ನಿಂತಿರುತ್ತದೆ. ಅವರು ಇರುವುದು ಮಗಳ ಜೊತೆ. ಮದುವೆ ಬೇಡ ಎಂದು ಉಳಿದ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ. ಅಲ್ಲಿ ದಿನವಿಡೀ ವಯಸ್ಸಾದವರನ್ನೇ ನೋಡುತ್ತಾಳೆ. ಚೀಟಿ ಮರೆತು ಬಂದವರು, ಈಗಷ್ಟೇ ತೆಗೆದುಕೊಂಡ ಮಾತ್ರೆಯನ್ನು ಮತ್ತೆ ಕೇಳುವವರು. ಸಂಜೆ ಮನೆಗೆ ಬರುವಾಗ ಅವರನ್ನೆಲ್ಲ ಜೊತೆಗೇ ತಂದು ಅಮ್ಮನ ಮೇಲೆ ಹೊದಿಸುತ್ತಿದ್ದಳು. ದಪ್ಪ ಗುಂಡಿಗಳ ಒಂದು ಫೋನು ತಂದುಕೊಟ್ಟಳು, ಅದರಲ್ಲಿ ಮೂರೇ ಜನಕ್ಕೆ ಕರೆ ಹೋಗುತ್ತಿತ್ತು. ತನ್ನ ಹಳೆಯ ಟಚ್ ಫೋನನ್ನು ಹಾಡು ಕೇಳಲಿಕ್ಕೆಂದು ಕೊಟ್ಟು, ಬೇರೆ ಏನನ್ನೂ ಒತ್ತಬೇಡ, ಕೆಟ್ಟುಹೋಗುತ್ತದೆ ಎಂದು ಎರಡೆರಡು ಸಲ ಹೇಳಿದಳು.

ಅಜ್ಜಿ ಎಲ್ಲವನ್ನೂ ಒತ್ತಿದರು. ಒತ್ತುತ್ತಾ ಹೋದಂತೆ ಒಂದು ಮಧ್ಯಾಹ್ನ ಫೋನು ತಾನೇ ಮಾತಾಡತೊಡಗಿತು. ಕಣ್ಣು ಕಾಣದವರಿಗಾಗಿ ಅದರೊಳಗೇ ಇಟ್ಟಿರುವ ದನಿ ಅದು. ಬೆರಳು ಎಲ್ಲಿ ಮುಟ್ಟುತ್ತದೋ ಅಲ್ಲಿ ಬರೆದಿರುವುದನ್ನು ಓದಿ ಹೇಳುತ್ತದೆ. ಅಜ್ಜಿಗೆ ಆ ದನಿ ಆಕಳಿಸುತ್ತಾ ಓದುವವರ ಹಾಗೆ ಕೇಳಿಸಿತು. ದಿನಕ್ಕಿಷ್ಟು ವೇಗ ಹೆಚ್ಚಿಸುತ್ತಾ ಬಂದರು. ಕೊನೆಗೆ ಬೇರೆಯವರ ಕಿವಿಗೆ ಅದು ಗುಬ್ಬಚ್ಚಿಗಳ ಜಗಳದಂತೆ ಕೇಳುವಷ್ಟಾಯಿತು. ಅವರಿಗೆ ಮಾತ್ರ ಅದರ ಪ್ರತಿ ಅಕ್ಷರ ಬಿಡಿಬಿಡಿಯಾಗಿ ತಿಳಿಯುತ್ತಿತ್ತು. ಪರದೆಯ ಬೆಳಕಿನಿಂದ ತಮಗೆ ಪ್ರಯೋಜನವಿಲ್ಲ ಎಂದು ಅದನ್ನೂ ಪೂರ್ತಿ ಆರಿಸಿಬಿಟ್ಟರು. ಚಾರ್ಜು ಹೆಚ್ಚು ಹೊತ್ತು ಬರುತ್ತದಲ್ಲ.

ದೊಡ್ಡಾಸ್ಪತ್ರೆಗೆ ಮನೆಯಿಂದಲೇ ಕೆಲಸ ಮಾಡುವವರು ಬೇಕು ಎಂಬ ಸುದ್ದಿಯನ್ನೂ ಆ ಗುಬ್ಬಚ್ಚಿ ದನಿಯೇ ಓದಿತು. ಕರೆ ಮಾಡಿದ ರೋಗಿಗಳಿಗೆ ಡಾಕ್ಟರ ಸಮಯ ಗೊತ್ತುಮಾಡಿಕೊಡುವ ಕೆಲಸ. ಸಂದರ್ಶನ ನಡೆದದ್ದು ಫೋನಿನಲ್ಲಿ. ವಯಸ್ಸು ಹೇಳಿದಾಗ ಆ ಕಡೆಯವರು ಎಪ್ಪತ್ತೊಂದೇ ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ ಐದು ಹೆಸರು, ಐದು ನಂಬರು ಒಂದೇ ಉಸಿರಿಗೆ ಓದಿ, ತಿರುಗಿ ಹೇಳಿ ಎಂದರು. ಅಜ್ಜಿ ಮೊದಲಿನಿಂದ ಒಮ್ಮೆ, ಕೊನೆಯಿಂದ ಒಮ್ಮೆ ಹೇಳಿದರು. ಒಂದು ತಿಂಗಳು ನೋಡೋಣ ಎಂದಾಯಿತು. ಆ ತಿಂಗಳು ಮುಗಿಯುವವರೆಗೆ ಮಗಳಿಗೆ ಹೇಳುವುದು ಬೇಡ ಎಂದು ಅಜ್ಜಿ ತೀರ್ಮಾನಿಸಿದರು. ಹೇಳಿದರೆ ಅವಳು ನಗುತ್ತಾಳೆ, ಇಲ್ಲವೇ ಹೆದರುತ್ತಾಳೆ. ನಕ್ಕರೆ ಹೇಗೋ ತಡೆದುಕೊಳ್ಳಬಹುದು. ಹೆದರಿದರೆ ಫೋನನ್ನೇ ಎತ್ತಿಡುತ್ತಾಳೆ.

ಹೀಗೆ ಬೆಳಿಗ್ಗೆ ಒಂಬತ್ತರಿಂದ ಒಂದು ಗಂಟೆಯವರೆಗೆ ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಇರತೊಡಗಿದರು. ಕಿವಿಯಲ್ಲಿ ಸಣ್ಣ ಇಯರ್‌ಫೋನು, ಅದರ ಮೇಲೆ ಬಿಳಿ ಕೂದಲು. ಒಂದೇ ಕಿವಿಯಲ್ಲಿ ಎರಡು ದನಿ: ಕರೆ ಮಾಡಿದವರದು, ಗುಬ್ಬಚ್ಚಿಯದು. ಬೆರಳು ಕಪ್ಪು ಗಾಜಿನ ಮೇಲೆ ನೀರಿನಲ್ಲಿ ಮೀನು ಹೋದಂತೆ ಹೋಗುತ್ತಿತ್ತು. ಮತ್ತೆ ಮನೆಗಳು ತೆರೆದುಕೊಂಡವು. ಮಂಡಿನೋವಿನವರ ಹಿಂದೆ ಮಗುವೊಂದು ಮಗ್ಗಿ ಹೇಳುತ್ತಿತ್ತು, ಕೆಮ್ಮಿನವರ ಹಿಂದೆ ಬಸ್ಸು ಹೊರಡುತ್ತಿತ್ತು. ಕುರ್ಚಿಯಿಂದ ಏಳದೆ ಅಜ್ಜಿ ಊರೆಲ್ಲ ಸುತ್ತಿ ಬರುತ್ತಿದ್ದರು.

ಹದಿನೆಂಟನೆಯ ದಿನ ಮಗಳು ತಲೆನೋವೆಂದು ಹನ್ನೊಂದು ಗಂಟೆಗೇ ಮನೆಗೆ ಬಂದಳು. ಅಲ್ಲಿ ಕಂಡದ್ದನ್ನು ಅವಳೇ ಆಮೇಲೆ ಹೇಳಿದ್ದು. ಪರದೆ ಎಳೆದ ಕಿಟಕಿ, ಅರೆಬೆಳಕು. ಅಮ್ಮ ಬೆಳಕಿಲ್ಲದ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸವರುತ್ತಿದ್ದಾಳೆ. ಯಾರೂ ಇಲ್ಲದ ಕೋಣೆಗೆ ಮೆಲ್ಲಗೆ ‘ಹೆದರಬೇಡಿ, ನಾಡಿದ್ದು ಬನ್ನಿ’ ಎನ್ನುತ್ತಿದ್ದಾಳೆ. ಮಗಳು ಬಾಗಿಲಲ್ಲಿ ನಿಂತಳು. ಅಮ್ಮ ತಿರುಗಲಿಲ್ಲ. ಮಗಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹೊರಗೆ ಹೋದಳು.

ಮರುದಿನ ಹತ್ತೂವರೆಗೆ ಬಂದ ಕರೆಯ ನಂಬರನ್ನು ಗುಬ್ಬಚ್ಚಿ ಓದಿತು. ಮಗಳ ನಂಬರು. ಆರು ಜನ ಆಪರೇಟರುಗಳಲ್ಲಿ ಯಾರಿಗೆ ಬೇಕಾದರೂ ಹೋಗಬಹುದಿತ್ತು, ಇವರಿಗೇ ಬಂತು. ಅಜ್ಜಿಯ ಬೆರಳು ನಿಂತಿತು. ಆದರೆ ಎಕ್ಸ್‌ಚೇಂಜಿನಲ್ಲಿ ಕಲಿತ ಮೊದಲ ಪಾಠ, ಲೈನಿನಲ್ಲಿ ತಮ್ಮವರು ಬಂದರೂ ಗುರುತು ಹೇಳಬಾರದು ಎಂಬುದು. ಅವರು ಕೆಲಸದ ದನಿ ತೆಗೆದರು. ಸ್ವಲ್ಪ ಎತ್ತರದ, ಪ್ರತಿ ಪದವನ್ನು ಬೇರೆಯಾಗಿಡುವ ಆ ದನಿಯನ್ನು ಮಗಳು ಎಂದೂ ಕೇಳಿರಲಿಲ್ಲ.

ಮರೆವಿನ ಡಾಕ್ಟರ ಹತ್ತಿರ ಅಮ್ಮನಿಗೆ ಸಮಯ ಬೇಕು ಎಂದಳು ಮಗಳು. ಅವಳ ಹಿಂದೆ ಔಷಧಿ ಅಂಗಡಿಯ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಅಜ್ಜಿ ರೋಗಿಯ ಹೆಸರು ಕೇಳಿದರು, ಮಗಳು ಹೇಳಿದಳು. ಅಜ್ಜಿ ತಮ್ಮ ಹೆಸರನ್ನು ತಾವೇ ತುಂಬಿಕೊಂಡರು. ವಯಸ್ಸು ತುಂಬಿಕೊಂಡರು. ಮುಂದಿನ ಪ್ರಶ್ನೆಯನ್ನೂ ಬಿಡುವಂತಿರಲಿಲ್ಲ.

“ತೊಂದರೆ ಏನು?”

“ಸತ್ತುಹೋಗಿರೋ ಫೋನ್ ಇಟ್ಕೊಂಡು ಸವರ್ತಾ ಕೂತಿರ್ತಾರೆ ಮೇಡಂ. ಒಬ್ಬರೇ ಮಾತಾಡ್ತಾರೆ. ನಾನು ಬಾಗಿಲಲ್ಲೇ ನಿಂತಿದ್ದೆ, ಗೊತ್ತಾಗಲಿಲ್ಲ ಅವರಿಗೆ.”

“ಎಷ್ಟು ದಿನದಿಂದ?”

“ನಾನು ನೋಡಿದ್ದು ನಿನ್ನೆ. ಅದಕ್ಕೆ ಮೊದಲು ನೋಡೇ ಇಲ್ಲ, ಅದೇ ಸಂಕಟ.”

ಗುರುವಾರ ಹತ್ತು ನಲವತ್ತಕ್ಕೆ ಒಂದು ಜಾಗ ಖಾಲಿ ಇತ್ತು. ಅಜ್ಜಿ ಅದನ್ನು ಕೊಟ್ಟು, ನಿಯಮದಂತೆ ಎಲ್ಲವನ್ನೂ ತಿರುಗಿ ಓದಿ ಹೇಳಿದರು. ಅಲ್ಲಿಗೆ ಕರೆ ಮುಗಿಯಬೇಕಿತ್ತು. ಮಗಳು ಫೋನ್ ಇಡಲಿಲ್ಲ.

“ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಹೀಗಾದೋರು ನಮ್ಮನ್ನೂ ಮರೆತುಬಿಡ್ತಾರಾ? ನಂಗೆ ಅಮ್ಮನ ಬಿಟ್ರೆ ಇನ್ಯಾರೂ ಇಲ್ಲ.”

ಇದಕ್ಕೆ ಉತ್ತರ ಯಾವ ಫಾರಂನಲ್ಲೂ ಇರಲಿಲ್ಲ. ಕಿಟಕಿಯ ಪರದೆ ಗಾಳಿಗೆ ಒಳಬಂದು ಅಜ್ಜಿಯ ಭುಜವನ್ನು ಮುಟ್ಟಿ ಹಿಂದೆ ಹೋಯಿತು. ಮೂವತ್ತೊಂದು ವರ್ಷ ಮುರಿಯದ ನಿಯಮವನ್ನು ಅಜ್ಜಿ ಅಲ್ಲಿ ಮುರಿದರು. ಅವರ ದನಿ ತಾನಾಗಿಯೇ ಕೆಳಗಿಳಿದು ಮನೆಯ ದನಿಯಾಯಿತು.

“ಆ ಫೋನ್ ಸತ್ತಿಲ್ಲ ಕಣೇ. ಬೆಳಕು ಆರಿಸಿಟ್ಟಿದೀನಿ ಅಷ್ಟೆ.”

ಆ ಕಡೆ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳಿದರು, ಮಗಳು ಅವರಿಗೆ ತಡೆಯಿರಿ ಎಂದಳು.

“ಅಮ್ಮ? ನೀನು ಆಸ್ಪತ್ರೆ ಫೋನ್ ಒಳಗೆ ಹೇಗೆ ಬಂದೆ?”

“ಕೆಲಸಕ್ಕೆ ಸೇರಿದೀನಿ. ಇವತ್ತಿಗೆ ಹತ್ತೊಂಬತ್ತು ದಿನ.”

ಮಗಳು ಬೈಯಲು ಶುರುಮಾಡಿದಳು. ನಿನ್ನೆಯಿಂದ ಗಂಟಲಲ್ಲಿ ನೀರು ಇಳಿದಿಲ್ಲ, ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

“ಹೇಳಿದ್ರೆ ಮಾಡೋಕೆ ಬಿಡ್ತಿದ್ಯಾ?”

ಮಗಳು ಯೋಚಿಸಿದಳು. ಅವಳು ಸುಳ್ಳು ಹೇಳುವವಳಲ್ಲ.

“ಇಲ್ಲ.”

“ಈಗ?”

ಲೈನಿನಲ್ಲಿ ಮೂರು ಜನ ಕಾಯುತ್ತಿದ್ದಾರೆ ಎಂದು ಗುಬ್ಬಚ್ಚಿ ಹೇಳಿತು. ಬೇಗ ಹೇಳು, ಗುರುವಾರದ ಸಮಯ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಅಜ್ಜಿ ಕೇಳಿದರು. ಅವಳು ಇಟ್ಟುಕೊಳ್ಳುತ್ತೇನೆ ಎಂದಿದ್ದರೆ ನಾನು ಹೋಗಿ ಆ ಡಾಕ್ಟರ ಮುಂದೆ ಕೂರಲು ಸಿದ್ಧಳಿದ್ದೆ, ಆದರೆ ಮರುದಿನದಿಂದ ಈ ಕುರ್ಚಿಯಲ್ಲಿ ಕೂರಲು ಮನಸ್ಸು ಬರುತ್ತಿರಲಿಲ್ಲ ಎಂದು ಅವರು ನನಗೆ ಹೇಳಿದ್ದಾರೆ.

“ಬಿಡು,” ಎಂದಳು ಮಗಳು. “ಬೇಕಾದವರಿಗೆ ಕೊಡು. ಒಂದು ಗಂಟೆಗೆ ಬರ್ತೀನಿ, ಅದೇನು ಮಾಡ್ತೀಯೋ ನಂಗೂ ತೋರ್ಸು.”

ಹಾಗೆಂದರೂ ಅವಳು ಫೋನ್ ಇಡಲಿಲ್ಲ, ಉಸಿರು ಕೇಳುತ್ತಲೇ ಇತ್ತು. ಅಜ್ಜಿಯೇ ಲೈನ್ ಬಿಡಿಸಬೇಕಾಯಿತು. ಮುಂದಿನ ಕರೆ ಒಬ್ಬ ಮುದುಕರದು. ಹೆಂಡತಿಯನ್ನು ಅದೇ ಡಾಕ್ಟರಿಗೆ ತೋರಿಸಬೇಕಿತ್ತು. ತಿಂಗಳುಗಟ್ಟಲೆ ಕಾಯಬೇಕೇನೋ ಎಂದು ಅವರು ಹಿಂಜರಿದು ಕೇಳಿದರು. ಅವರ ಹಿಂದೆ ಯಾರೋ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದರು. ಅಜ್ಜಿ ಒಂದು ಕ್ಷಣ ಆ ಹಾಡನ್ನು ಕೇಳಿಸಿಕೊಂಡು, ಗುರುವಾರ ಹತ್ತು ನಲವತ್ತಕ್ಕೆ ಬನ್ನಿ ಎಂದರು.