ಅಂಚಿಗೆ ಹಚ್ಚಿದ ಗುಂಡಿ

ಸದಾಶಿವ ಪೇಠದಲ್ಲಿ ನನ್ನದು ಎರಡು ಮಷೀನಿನ ಹೊಲಿಗೆ ಅಂಗಡಿ. ಐದನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೆ ಕಾಜಾ ಹೊಲಿಯುವುದರಲ್ಲಿ, ಅಂದರೆ ಗುಂಡಿ ತೂರುವ ಕಂಡಿ ಹೊಲಿಯುವುದರಲ್ಲಿ, ಇಡೀ ಪೇಠದಲ್ಲಿ ನನ್ನ ಕೈ ಮೀರಿಸುವವರಿಲ್ಲ. ಇದನ್ನು ನಾನೂ ಹೇಳುತ್ತೇನೆ, ಬೇರೆಯವರೂ ಹೇಳುತ್ತಾರೆ.

ಒಮ್ಮೆ ಬೆಂಗಳೂರು ಕಡೆಯ ಮೇಡಂ ಒಬ್ಬರು ಬಂದರು. ಕಾಲೇಜಿನಲ್ಲಿ ಹಳೆಯ ಕಾಲದ ಉಡುಪಿನ ಪಾಠ ಮಾಡುವವರು. ಯುರೋಪಿನ ಕೆಸರಿನಲ್ಲಿ ಸಿಕ್ಕ, ಆರೇಳು ನೂರು ವರ್ಷದ ಹಿಂದಿನ ಉಣ್ಣೆ ಅಂಗಿಯ ತೋಳಿನ ಫೋಟೋ ತೋರಿಸಿ, ತಮ್ಮ ಅಳತೆಗೆ ಅಂಥದ್ದೇ ಒಂದು ಬೇಕೆಂದರು. ಅದನ್ನು ತೊಟ್ಟೇ ಪಾಠ ಮಾಡುವವರಿದ್ದರು. ಬಟ್ಟೆ ಕತ್ತರಿಸಲು ಬೇಕಾದ ಅಳತೆಯ ಕಾಗದದ ಕಟಿಂಗ್ ಅವರೇ ತಂದಿದ್ದರು.

ಮೊಣಕೈಯಿಂದ ಮಣಿಕಟ್ಟಿನವರೆಗೆ ಹದಿನಾಲ್ಕು ಗುಂಡಿ. ಮರವಿಲ್ಲ, ಮೂಳೆಯಿಲ್ಲ, ಎಲ್ಲವೂ ಅದೇ ಬಟ್ಟೆಯವು. ದುಂಡನೆಯ ಚೂರಿನ ಸುತ್ತ ದಾರ ಓಡಿಸಿ ಎಳೆದರೆ, ಅದರ ಅಂಚು ತನ್ನ ಹೊಟ್ಟೆಯೊಳಗೇ ತುರುಕಿಕೊಂಡು ಗಟ್ಟಿ ಕಡಲೆಕಾಳಾಗುತ್ತಿತ್ತು. ಮೊದಲನೆಯದನ್ನು ಮಾಡಿ ಬಹಳ ಹೊತ್ತು ಅಂಗೈಯಲ್ಲಿ ಹೊರಳಿಸಿದೆ.

ಆದರೆ ಫೋಟೋದಲ್ಲಿ ಗುಂಡಿಗಳು ಬಟ್ಟೆಯ ತೀರ ಅಂಚಿಗೆ ಕೂತಿದ್ದವು. ನಾವು ಅರ್ಧ ಇಂಚು ಒಳಗೆ ಹಚ್ಚುವವರು. ಹೊಲಿದವನಿಗೆ ಕಸಬೇ ಗೊತ್ತಿಲ್ಲ ಎಂದು ಧನಕವಡಿಯ ನಮ್ಮ ಮನೆಯಲ್ಲಿ ಹೆಂಡತಿಯ ಮುಂದೆ ಹೇಳಿದೆ.

“ಸತ್ತು ಆರುನೂರು ವರ್ಷ ಆದಾಂವನ ಕೂಡನೂ ಜಗಳಾ ತಗದ್ರೇನು?” ಎಂದಳು ಅವಳು.

ಕಾಜಾಗಳನ್ನು ಫೋಟೋದಂತೆಯೇ ಅಂಚಿನ ಹತ್ತಿರ, ಹಿಂದೆ ತೆಳು ರೇಷ್ಮೆ ಪಟ್ಟಿ ಕೊಟ್ಟು ಹೊಲಿದೆ. ಗುಂಡಿಗಳನ್ನು ಮಾತ್ರ ‘ತಿದ್ದಿ’ ಒಳಗೆ ಹಚ್ಚಿದೆ.

ಪಾಠದ ಹಿಂದಿನ ದಿನ ಮೇಡಂ ತೊಟ್ಟು ನೋಡಿದರು. ಮಣಿಕಟ್ಟಿನ ಮೂರು ಗುಂಡಿ ಹೇಗೋ ಬಿದ್ದವು. ಮೇಲಿನವು ಕಾಜಾದವರೆಗೆ ಬರಲೇ ಇಲ್ಲ.

“ನಿಮ್ಮ ಕಟಿಂಗ್ ತಪ್ಪದರಿ ಮೇಡಂ,” ಅಂದುಬಿಟ್ಟೆ.

“ಕಟಿಂಗ್ ಸರಿಯಾಗಿದೆ ಮಾಸ್ಟರ್. ಇದರಲ್ಲಿ ಒಂದು ಅಂಚು ಇನ್ನೊಂದರ ಮೇಲೆ ಅಷ್ಟೊಂದು ಹತ್ತೋದೇ ಇಲ್ಲ.”

ತೋಳಿನ ಅಂಚು ಹಿಡಿದು ನೋಡಿದೆ. ನಾನು ಒಳಗೆ ಸರಿಸಿದ ಅರ್ಧ ಇಂಚು ಅವರ ಕೈಯ ಜಾಗವನ್ನೇ ತಿಂದಿತ್ತು. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಹದಿನಾಲ್ಕನ್ನೂ ಬಿಚ್ಚಿ ಅಂಚಿಗೇ ಹಚ್ಚಿದೆ.

ಈ ಸಲ ಒಂದೊಂದೂ ಸದ್ದಿಲ್ಲದೆ ಕಾಜಾದೊಳಗೆ ಇಳಿಯಿತು. ಅವರು ಮೊಣಕೈ ಮಡಚಿದರು. ಅಂಚು ಎಲ್ಲಿಯೂ ಬಾಯಿ ಬಿಡಲಿಲ್ಲ. ಕೈ ಎಳೆದಷ್ಟೂ ಗುಂಡಿ ತನ್ನ ಕಂಡಿಯಲ್ಲಿ ಇನ್ನಷ್ಟು ಬಿಗಿಯಾಗಿ ಕೂತಿತು. ಬಟ್ಟೆಯನ್ನು ಕೈಯ ಮೇಲೆಯೇ ನೇಯ್ದಂತಿತ್ತು. ಮಷೀನಿಲ್ಲದವನು, ಹೆಸರೂ ಉಳಿಯದವನು, ಒಂದು ಎಳೆಯನ್ನೂ ಹೆಚ್ಚಿಗೆ ಬಿಟ್ಟಿರಲಿಲ್ಲ.

ಮೇಡಂ ಮೊದಲ ಗುಂಡಿಗೆ ಕೈ ಹಾಕಿದರು.

“ತಡೀರಿ, ಬಿಚ್ಚಬ್ಯಾಡ್ರಿ,” ಅಂದೆ. “ಆಂವ ನನಗಿಂತ ಛಲೋ ಟೇಲರ್ ಇದ್ದಾನ್ರಿ. ಇನ್ನೊಮ್ಮೆ ನೋಡ್ತೀನಿ.”

ಅವರು ಕೈ ಚಾಚಿಕೊಂಡೇ ಕೂತರು.